ಧ್ವನಿಪೆಟ್ಟಿಗೆ ಉಳಿಸಿಕೊಂಡು ಗಡ್ಡೆ ತೆಗೆಯಬಹುದೇ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ): ಡಾಕ್ಟ್ರೇ, ಅಪ್ಪನಿಗೆ 63. ಒಂದು ವರ್ಷದಿಂದ ಗಂಟಲು ಕಟ್ಟಿದೆ, ಈಚೆಗೆ ಮೆಟ್ಟಿಲು ಹತ್ತಿದರೆ ಏದುಸಿರು. ಬಯಾಪ್ಸಿಯಲ್ಲಿ ಕ್ರಿಕಾಯ್ಡ್‌ನ ಕಾಂಡ್ರೊಸಾರ್ಕೋಮಾ, ಗ್ರೇಡ್ 1 ಅಂತ ಬಂತು; ಧ್ವನಿಪೆಟ್ಟಿಗೆಯ ಬುಡದ ಮೃದ್ವಸ್ಥಿಯಲ್ಲಿ (ಮೆತ್ತನೆಯ ಎಲುಬು) ಹುಟ್ಟಿದ ಕ್ಯಾನ್ಸರ್ ಅಂತೆ. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಅಂದಿದ್ದಾರೆ. ಹೋಟೆಲಿನ ಗಲ್ಲಾದಲ್ಲಿ ಕೂತು ದಿನವಿಡೀ ಮಾತಾಡುವ ಮನುಷ್ಯ, ಅದನ್ನು ಕೇಳಿದಾಗಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಬೇರೆ ದಾರಿ ಇದೆಯೇ?

ಉತ್ತರ (ಕ್ಯಾನ್ಸರ್ ಸರ್ಜನ್, ಮುಂಬಯಿ): ಇರಬಹುದು ತಂಗೀ. ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಒಳಪೊರೆಯಲ್ಲಿ ಹುಟ್ಟುವ ಸ್ಕ್ವಾಮಸ್ ಜಾತಿಯವು. ಅಪ್ಪನದು ಮೃದ್ವಸ್ಥಿಯಲ್ಲಿ ಹುಟ್ಟಿದ್ದು, ಬಹಳ ಅಪರೂಪ. ಗ್ರೇಡ್ 1 ಆದರೆ ನಿಧಾನವಾಗಿ ಬೆಳೆಯುತ್ತದೆ, ದೂರದ ಅಂಗಗಳಿಗೆ ಹರಡುವುದು ವಿರಳ. ಅದಕ್ಕೇ ಇಲ್ಲಿ ಅವಸರ ಬೇಡ ಅನ್ನುತ್ತೇನೆ.

ಕ್ರಿಕಾಯ್ಡ್ ಮುದ್ರೆಯುಂಗುರದ ಹಾಗಿರುತ್ತದೆ, ಹಿಂದುಗಡೆ ಅಗಲ. ಗಡ್ಡೆ ಹೆಚ್ಚಾಗಿ ಅಲ್ಲೇ ಏಳುತ್ತದೆ. ಉಸಿರಿನ ದಾರಿ ಕುಸಿಯದಂತೆ ಹಿಡಿದಿರುವುದು ಆ ಉಂಗುರವೇ. ಸ್ವರತಂತುಗಳನ್ನು ಆಡಿಸುವ ಎರಡು ಪುಟ್ಟ ಮೃದ್ವಸ್ಥಿಗಳು ಕೂತಿರುವುದೂ ಅದರ ಮೇಲೆ. ಗಡ್ಡೆ ತೆಗೆದ ಮೇಲೆ ಉಂಗುರ ಎಷ್ಟು ಉಳಿಯುತ್ತದೆ, ಒಂದು ಕಡೆಯ ಕೀಲಾದರೂ ಆಡುತ್ತದೆಯೇ? ಸಿಟಿ ಸ್ಕ್ಯಾನ್ ಮುಂದಿಟ್ಟುಕೊಂಡು ಇದನ್ನೇ ಕೇಳಿ. ಸಾಕಷ್ಟು ಉಳಿಯುವುದಾದರೆ ಬಾಯಿಯ ಮೂಲಕ ಲೇಸರ್‌ನಿಂದಲೋ ಕತ್ತಿನ ಕಡೆಯಿಂದಲೋ ಗಡ್ಡೆಯಷ್ಟೇ ತೆಗೆಯಬಹುದು. ವರ್ಷಗಳ ನಂತರ ಮರುಕಳಿಸಬಹುದು, ಹಾಗಾಗಿ ತಪಾಸಣೆ ಬಿಡುವಂತಿಲ್ಲ. ಮರುಕಳಿಸಿದರೂ ಪೂರ್ತಿ ತೆಗೆಯುವ ದಾರಿ ಆಗಲೂ ತೆರೆದೇ ಇರುತ್ತದೆ.

ಪುಣೆಯ ಸದಸ್ಯ: ನಮ್ಮ ಅತ್ತೆಯ ರಿಪೋರ್ಟಿನಲ್ಲಿ ಅಡಿನಾಯ್ಡ್ ಸಿಸ್ಟಿಕ್ ಅಂತಿದೆ. ಅವರಿಗೂ ಇದೇನಾ ಸರ್?

ಉತ್ತರ: ಅಲ್ಲ. ಅದು ಗ್ರಂಥಿಗಳಲ್ಲಿ ಹುಟ್ಟುವ ಬೇರೆ ಜಾತಿಯ ಕ್ಯಾನ್ಸರ್, ನರಗಳ ಗುಂಟ ಕಣ್ಣಿಗೆ ಕಾಣುವುದಕ್ಕಿಂತ ದೂರ ಹೋಗಿರುತ್ತದೆ. ಆಪರೇಷನ್ ಜೊತೆಗೆ ಸಾಮಾನ್ಯವಾಗಿ ರೇಡಿಯೇಷನ್ನೂ ಬೇಕು.

ಡೊಂಬಿವಲಿಯ ಸದಸ್ಯೆ: ಮಾತು ಮೊದಲಿನಂತೆ ಆಗುತ್ತದಾ?

ಉತ್ತರ: ಸ್ವಲ್ಪ ಒಡಕು ಉಳಿಯಬಹುದು. ನನಗೆ ಅದಕ್ಕಿಂತ ದೊಡ್ಡ ಚಿಂತೆ ನುಂಗುವುದರದ್ದು. ಕುಡಿದ ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಅಪ್ಪನ ಶ್ವಾಸಕೋಶ ಕೆಮ್ಮಿ ಹೊರಹಾಕುವಷ್ಟು ಗಟ್ಟಿಯಿದೆಯೇ ಅಂತ ಮೊದಲೇ ನೋಡಿಸಿ. ಕೊನೆಗೆ ಪೂರ್ತಿ ತೆಗೆಯಲೇಬೇಕಾದರೂ ಶ್ವಾಸನಾಳ, ಅನ್ನನಾಳಗಳ ನಡುವೆ ಪುಟ್ಟ ವಾಲ್ವ್ ಇಟ್ಟು ಮಾತಾಡಿಸಬಹುದು. ಅಪ್ಪನಿಗೆ ಇದನ್ನು ಇವತ್ತೇ ಹೇಳಿ.

ಬಯಾಪ್ಸಿಯ ಸ್ಲೈಡು, ಬ್ಲಾಕು (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ಎರಡನ್ನೂ ಕೇಳಿ ಪಡೆದು ಪರೇಲಿನ ಟಾಟಾ ಮೆಮೋರಿಯಲ್‌ನಂಥ ಕಡೆ ಇನ್ನೊಮ್ಮೆ ತೋರಿಸಿ. ಗ್ರೇಡ್ ಬದಲಾದರೆ ನಾನು ಹೇಳಿದ ಲೆಕ್ಕವೂ ಬದಲಾಗುತ್ತದೆ. ಈ ನಡುವೆ ಉಸಿರೆಳೆಯುವಾಗ ಸೀಟಿಯಂಥ ಸದ್ದು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಕೂಡಲೇ ಹತ್ತಿರದ ಎಮರ್ಜೆನ್ಸಿಗೆ ಕರೆದೊಯ್ಯಿರಿ.