ಕನ್‌ಸ್ಟ್ರಕ್ಟರ್ ಬರೆಯದಿದ್ದರೂ ಓಡುತ್ತದಲ್ಲ, ಮತ್ತೆ ಯಾಕೆ?

ವಿರಾಜಪೇಟೆ, ಬಿಸಿಎ ವಿದ್ಯಾರ್ಥಿ: ಜಾವಾದಲ್ಲಿ ನಾನು ಕನ್‌ಸ್ಟ್ರಕ್ಟರ್ (ಆಬ್ಜೆಕ್ಟ್ ಹುಟ್ಟುವಾಗಲೇ ಓಡಿ ಅದರ ಬೆಲೆಗಳನ್ನು ತುಂಬುವ ಕೋಡ್) ಬರೆಯುವುದೇ ಇಲ್ಲ. ಆಬ್ಜೆಕ್ಟ್ ಮಾಡಿ, ಆಮೇಲೆ ಒಂದೊಂದು ಬೆಲೆ ತುಂಬೋಕೆ ಒಂದೊಂದೇ ಸೆಟ್ಟರ್ ಕರೆಯುತ್ತೇನೆ. ಎಲ್ಲ ಸರಿಯಾಗೇ ಓಡುತ್ತದೆ. ಕೆಲಸದಲ್ಲಿರುವ ಅಣ್ಣ ಅಕ್ಕಂದಿರು ಯಾಕೆ ಬರೆಯುತ್ತೀರಿ? ಪರೀಕ್ಷೆಯ ಉತ್ತರ ಬೇಡ, ಅನುಭವ ಹೇಳಿ.

ಗೋಣಿಕೊಪ್ಪ: ನಾನೂ ಹೀಗೇ ಬರೆದು ಬೈಸಿಕೊಂಡವನು. ಕಾಫಿ ಖರೀದಿ ಅಂಗಡಿಯೊಂದಕ್ಕೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ರೋಬಸ್ಟಾ ಚೆರಿ ಚೀಲಕ್ಕೆ ಒಂದು ಕ್ಲಾಸ್. ಅದರಲ್ಲಿ ತೂಕ, ಓಟಿ, ದರ. ಓಟಿ ನಿಮಗೆ ಗೊತ್ತಿರುತ್ತದೆ, 50 ಕೆಜಿ ಚೆರಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನೋ ಲೆಕ್ಕ. ಅದನ್ನು ದರದಿಂದ ಗುಣಿಸಿದರೆ ಚೀಲದ ಬೆಲೆ. ಒಂದು ಸ್ಕ್ರೀನಿನಲ್ಲಿ ಓಟಿಯ ಸೆಟ್ಟರ್ ಕರೆಯೋದು ಮರೆತೆ. ನಾವು ಕನ್‌ಸ್ಟ್ರಕ್ಟರ್ ಬರೆಯದಿದ್ದರೆ ಕಂಪೈಲರ್ ತಾನೇ ಒಂದು ಖಾಲಿಯದನ್ನು ಹಾಕಿಕೊಳ್ಳುತ್ತದೆ, ಸಂಖ್ಯೆಯ ಫೀಲ್ಡಿಗೆ ಸೊನ್ನೆ, ಸ್ಟ್ರಿಂಗಿಗೆ ನಲ್. ಹಾಗಾಗಿ ಎರರ್ ಏನೂ ಬರಲಿಲ್ಲ. 12 ಚೀಲ, ಮೊತ್ತ ₹0 ಅಂತ ಚೀಟಿ ಬಂತು. ತೋಟದವರು ಚೀಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

ಈಗ ಮೂರನ್ನೂ ಕನ್‌ಸ್ಟ್ರಕ್ಟರಿನಲ್ಲೇ ಕೇಳುತ್ತೇನೆ. ಒಂದು ಬಿಟ್ಟರೂ ಕಂಪೈಲ್ ಆಗಲ್ಲ. ಓಟಿ ಸೊನ್ನೆಯೋ 50ಕ್ಕಿಂತ ಜಾಸ್ತಿಯೋ ಬಂದರೆ ಅಲ್ಲೇ ಎಕ್ಸೆಪ್ಷನ್. ಫೀಲ್ಡ್‌ಗಳು ಫೈನಲ್, ಆಮೇಲೆ ಯಾರೂ ಕೈ ಹಾಕೋ ಹಾಗಿಲ್ಲ.

ಸೋಮವಾರಪೇಟೆ: ಸೊನ್ನೆ ಬಂತಲ್ಲ, ಪುಣ್ಯ ಅನ್ನಿ! ನಾನು ಸಿ ಪ್ಲಸ್ ಪ್ಲಸ್‌ನವಳು. ಅಲ್ಲಿ ಇಂಟ್ ಮೆಂಬರಿಗೆ ಬೆಲೆ ಕೊಡದಿದ್ದರೆ ಮೆಮರಿಯಲ್ಲಿ ಮೊದಲೇ ಬಿದ್ದಿದ್ದ ಕಸವೇ ಸಿಗಬಹುದು. ನನ್ನ ಲ್ಯಾಪ್‌ಟಾಪಿನಲ್ಲಿ ಸರಿ, ಬೇರೆಯವರದ್ದರಲ್ಲಿ ತಪ್ಪು. ಹುಡುಕಿ ಸಾಕಾಗುತ್ತದೆ.

ಕುಶಾಲನಗರ: ಗೋಣಿಕೊಪ್ಪದವರು ಹೇಳಿದ್ದು ಸರಿ, ಆದರೆ ಒಂದು ಮಾತು ಸೇರಿಸುತ್ತೇನೆ. ಪ್ಯಾರಾಮೀಟರ್ ಇರೋ ಕನ್‌ಸ್ಟ್ರಕ್ಟರ್ ಬರೆದರೆ ಜಾವಾ ಆ ಖಾಲಿಯದನ್ನು ಕೊಡುವುದಿಲ್ಲ. ಹೈಬರ್ನೇಟ್ ಎಂಟಿಟಿಗೆ, ಅಂದರೆ ಡೇಟಾಬೇಸಿನ ಟೇಬಲಿಗೆ ಜೋಡಿಸಿದ ಕ್ಲಾಸಿಗೆ, ಅದೂ ಬೇಕು. ಜುಲೈ ಮಳೆಯಲ್ಲಿ ಕರೆಂಟ್ ಹೋಗಿ, ಲ್ಯಾಪ್‌ಟಾಪ್ ಚಾರ್ಜ್ ಮುಗಿಯುವ ಹೊತ್ತಿಗೆ ನನಗೆ ಇದು ಹೊಳೆದಿತ್ತು. ಖಾಲಿಯದನ್ನು ಪ್ರೊಟೆಕ್ಟೆಡ್ ಮಾಡಿ ಬರೆದಿಡಿ, ಎಂಟಿಟಿಯಲ್ಲಿ ಫೈನಲ್ ಬೇಡ. ಇನ್ನು ಸುಮ್ನೆ ಮಾಹಿತಿ ಹೊರುವ ಕ್ಲಾಸಾದರೆ ಜಾವಾ 16ರಿಂದ ರೆಕಾರ್ಡ್ ಇದೆ. ಕನ್‌ಸ್ಟ್ರಕ್ಟರ್ ಅದೇ ಕೊಡುತ್ತದೆ, ಕೈನೋವು ಕಡಿಮೆ.

ವಿರಾಜಪೇಟೆ: ನನ್ನ ಪ್ರಾಜೆಕ್ಟಿನ ಒಂದು ಕ್ಲಾಸಿಗೆ ಈಗಷ್ಟೇ ಹಾಕಿ ನೋಡಿದೆ. ಏಳು ಕಡೆ ಕೆಂಪು ಗೆರೆ. ಅದರಲ್ಲಿ ಎರಡು ಕಡೆ ನಾನು ಫೋನ್ ನಂಬರನ್ನೇ ತುಂಬಿರಲಿಲ್ಲ. ನಾಳೆ ಡೆಮೊ ಬೇರೆ ಇದೆ.