26 ವರ್ಷ ಕಂಪನಿಯಲ್ಲಿ ದುಡಿದ ಮೇಲೆ ಕವಿತೆಗೆ ಮರಳುವುದು ಹೇಗೆ?

ಪ್ರಶ್ನೆ

ನಾನು ಕೋಲಾರದವನು. ಕಾಲೇಜಿನಲ್ಲಿದ್ದಾಗ ಕವಿತೆ ಬರೆಯುತ್ತಿದ್ದೆ. ಆಮೇಲೆ 26 ವರ್ಷ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ದುಡಿದು, ಕಳೆದ ಯುಗಾದಿಯ ಹೊತ್ತಿಗೆ ಕೆಲಸ ಬಿಟ್ಟು ಊರಿನ ಮನೆಗೆ ಬಂದಿದ್ದೇನೆ. ಈಗ ಬಿಡುವಿದೆ, ಹಳೆಯ ನೋಟ್‌ಬುಕ್ಕೂ ಸಿಕ್ಕಿದೆ. ಆದರೆ ಏನು ಬರೆಯಹೊರಟರೂ ಅದು ಮೇಲಧಿಕಾರಿಗೆ ಒಪ್ಪಿಸುವ ವರದಿಯಂತೆ, ಕೊನೆಗೊಂದು ತೀರ್ಮಾನ ಹೇಳಿಯೇ ನಿಲ್ಲುತ್ತದೆ. ಮೊನ್ನೆ ಬರೆದದ್ದು ಇದು:

ಕೆರೆ ತುಂಬಿದೆ.
ಏರಿಯ ಮೇಲೆ ಅಪ್ಪನ ಸೈಕಲ್ಲಿನ ಗುರುತಿಲ್ಲ,
ಕೊಕ್ಕರೆಗಳು ಮಾತ್ರ ಬಂದಿವೆ.
ಹೋದದ್ದೆಲ್ಲ ಒಂದು ದಿನ ಮರಳುತ್ತದೆ.

ನಾಲ್ಕನೆಯ ಸಾಲು ಕವಿತೆಯದಲ್ಲ, ಸ್ಲೈಡಿನದು ಎಂದು ನನಗೇ ಗೊತ್ತಾಗುತ್ತದೆ. ಈ ಚಾಳಿಯಿಂದ ಬಿಡಿಸಿಕೊಳ್ಳುವುದು ಹೇಗೆ?

ಉತ್ತರ 1 (ಮುಳಬಾಗಿಲು, ನಿವೃತ್ತ ಕನ್ನಡ ಅಧ್ಯಾಪಕ)

ವಯಸ್ಸಿನ ಚಿಂತೆ ಬೇಡ. ನಮ್ಮೂರಿನಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿಯವರ ಕಗ್ಗ ಪ್ರಕಟವಾದದ್ದು 1943ರಲ್ಲಿ. ನಿಮಗೆ ಮೊದಲು ಬೇಕಾದದ್ದು ವಿಷಯವಲ್ಲ, ಕಿವಿ. ವರದಿ ಬರೆಯುವಾಗ ವಾಕ್ಯವನ್ನು ಯಾರೂ ಗಟ್ಟಿಯಾಗಿ ಓದುವುದಿಲ್ಲವಾದ್ದರಿಂದ ಅದರ ಲಯ ಎಷ್ಟು ಕೆಟ್ಟರೂ ತಿಳಿಯುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆ ಕುಮಾರವ್ಯಾಸನನ್ನು ದನಿ ಎತ್ತಿ ಓದಿ, ಬಳಿಕ ಅವನದೇ ಆರು ಸಾಲಿನ ಛಂದಸ್ಸಾದ ಭಾಮಿನಿ ಷಟ್ಪದಿಯಲ್ಲಿ ನೀವೇ ಬರೆಯಲು ತೊಡಗಿ. 1, 2, 4, 5ನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆ (ಉಚ್ಚಾರದ ಕಾಲದ ಅಳತೆ; ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು). 3 ಮತ್ತು 6ನೆಯ ಸಾಲುಗಳಲ್ಲಿ ಅಂಥ ಮೂರು ಜೋಡಿ, ಕೊನೆಗೊಂದು ಗುರು. ಮಾತ್ರೆ ಎಣಿಸುವವನಿಗೆ ತೀರ್ಮಾನ ಹೇಳಲು ಪುರುಸೊತ್ತಿರುವುದಿಲ್ಲ.

ಉತ್ತರ 2 (ಮಾಲೂರು, ಬ್ಯಾಂಕ್ ಉದ್ಯೋಗಿ)

ಮೇಷ್ಟರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಛಂದಸ್ಸು ಕಿವಿಯನ್ನು ತಿದ್ದುತ್ತದೆ, ಕಣ್ಣನ್ನಲ್ಲ. ನಾಲ್ಕನೆಯ ಸಾಲನ್ನು ಹೊಡೆದುಹಾಕಿ, ಆದರೆ ಮೊದಲನೆಯದನ್ನು ಇನ್ನೊಮ್ಮೆ ನೋಡಿ. ಕೆರೆ ತುಂಬಿದ್ದು ಯಾವ ನೀರಿನಿಂದ? 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿದು ಬರುತ್ತಿದೆ. ಬೆಂಗಳೂರು ಬಳಸಿ, ಶುದ್ಧೀಕರಿಸಿ, ಪೈಪಿನಲ್ಲಿ ಕಳಿಸಿದ ನೀರು ಅದು. ನೀವೂ ಆ ಊರಿನಿಂದಲೇ ಬಂದವರು (ಬೇಸರಿಸಬೇಡಿ, ನಾನೂ ದಿನಾ ಅಲ್ಲಿಗೇ ಹೋಗಿಬರುವವನು). ಕವಿತೆ ಅಲ್ಲೇ ಇತ್ತು, ನೀವು ಕೊಕ್ಕರೆ ನೋಡುತ್ತ ನಿಂತಿರಿ. ಇನ್ನು, ಕಚೇರಿ ಬರವಣಿಗೆಯನ್ನು ಕೊಲ್ಲುತ್ತದೆಂಬುದನ್ನು ನಾನು ನಂಬುವುದಿಲ್ಲ. ನಮ್ಮ ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ ಬರೆದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ನಿನ್ನೆ ಸಂಜೆ ಏರಿಯ ಮೇಲೆ ಕೂತು ಬೆರಳು ಮಡಿಸುತ್ತ ಎರಡು ಸಾಲು ಕಟ್ಟಿದೆ. ದನ ಹೊಡೆದುಕೊಂಡು ಹೋಗುತ್ತಿದ್ದವರು ನಾನು ಬಡ್ಡಿ ಲೆಕ್ಕ ಹಾಕುತ್ತಿದ್ದೇನೆಂದುಕೊಂಡರು.

ಕೆರೆಯ ಏರಿಯ ಮೇಲೆ ನಿಂತೆನು
ಬರದ ವರ್ಷವ ನೆನೆದು ನಕ್ಕೆನು

ಪೈಪಿನ ನೀರು ಇನ್ನೂ ಒಳಗೆ ಬಂದಿಲ್ಲ.

ಉತ್ತರ 1ರವರು

ಮಾತ್ರೆ ಸರಿಯಿದೆ, ಪ್ರಾಸವೂ ಕೂತಿದೆ. 'ಕೆರೆಯ ಏರಿಯ' ಎಂಬಲ್ಲಿ ಸಂಧಿ ಬಿಟ್ಟಿದ್ದೀರಿ, ಸದ್ಯಕ್ಕೆ ಇರಲಿ. ಮೂರನೆಯ ಸಾಲು ಉದ್ದದ್ದು, ಪೈಪು ಅದರಲ್ಲಿ ಹಿಡಿಸುತ್ತದೆ. ಬರೆದು ಕಳಿಸಿ.