1978ರ ಮಿನಿಗೆ ವೀಲ್ ಆರ್ಚ್ ಫ್ಲೇರ್: ಯಾವುದು ತಗೊಳ್ಳಲಿ, ಹೇಗೆ ಕೂರಿಸಲಿ? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ, ಊರು ಹಾಸನ. ತುಂಬಾ ವರ್ಷದ ಆಸೆ ತೀರಿಸಿಕೊಂಡು ಒಂದು ಹಳೇ ಮಿನಿ (ಪುಟ್ಟ ಬ್ರಿಟಿಷ್ ಕಾರು) ತಗೊಂಡಿದ್ದೇನೆ. 1978ರ ಮಿನಿ 1000. ಬಾಡಿ ಗಟ್ಟಿಯಾಗಿದೆ, ಪೇಂಟ್ ಮಾತ್ರ ಮಾಸಿದೆ. ಈಗಿರುವ ಸಪೂರ ಸ್ಟೀಲ್ ರಿಮ್ ತೆಗೆದು 10 ಇಂಚಿನದೇ, ಆದರೆ 6 ಇಂಚು ಅಗಲದ ಅಲಾಯ್ ಹಾಕಬೇಕು ಅಂತಿದ್ದೇನೆ. ಟೈರ್ 165/70 (ಅಗಲ 165 ಮಿ.ಮೀ., ಪಕ್ಕದ ಎತ್ತರ ಅದರ 70%). ಹಾಗೆ ಹಾಕಿದರೆ ಟೈರ್ ಬಾಡಿಯಿಂದ ಹೊರಗೆ ಬರುತ್ತದೆ, ಅದನ್ನು ಮುಚ್ಚಲು ವೀಲ್ ಆರ್ಚ್ (ಚಕ್ರದ ಮೇಲಿನ ಬಾಡಿಯ ಕಮಾನು) ಅಂಚಿಗೆ ಕೂರಿಸುವ ಫ್ಲೇರ್ ಬೇಕೇ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಪ್ಲಾಸ್ಟಿಕ್ ಒಳ್ಳೆಯದೋ ಫೈಬರ್ (ಫೈಬರ್‌ಗ್ಲಾಸ್) ಒಳ್ಳೆಯದೋ? ರಿವೆಟ್ ಹೊಡೆಯಬೇಕಾ, ಅಂಟಿಸಬೇಕಾ? ಬಾಡಿ ಕತ್ತರಿಸಲೇಬೇಕಾ? ಪೇಂಟ್ ಮೊದಲೋ ಫ್ಲೇರ್ ಮೊದಲೋ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ, ಬರ್ಮಿಂಗ್‌ಹ್ಯಾಮ್‌ನಿಂದ:

ಒಳ್ಳೇ ಕಾರು ತಗೊಂಡಿದ್ದೀರಿ. ಫ್ಲೇರ್‌ಗೆ ಈಗಲೇ ದುಡ್ಡು ಕೊಡಬೇಡಿ. ಚಕ್ರ, ಟೈರ್, ಬ್ರೇಕ್, ಕಾರಿನ ಎತ್ತರ, ಈ ನಾಲ್ಕೂ ಪಕ್ಕಾ ಆಗಲಿ. ಆಮೇಲೆ ಅಳತೆ ತೆಗೆದು ಫ್ಲೇರ್ ಆರಿಸಿ. ಮೊದಲು ಫ್ಲೇರ್ ಕೊಂಡು ಆಮೇಲೆ ಅದಕ್ಕೆ ಹೊಂದುವ ಚಕ್ರ ಹುಡುಕಿದವರು ಎರಡೆರಡು ಸಲ ಖರ್ಚು ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಯಾಕೆ ಅಂತ ಹೇಳುತ್ತೇನೆ. 1959ರಲ್ಲಿ ಮಿನಿ ಬಂದಾಗ ರಿಮ್ ಅಗಲ ಬರೀ ಮೂರೂವರೆ ಇಂಚು. ಒಳಗೆ ಜನಕ್ಕೆ ಜಾಗ ಉಳಿಯಲಿ ಅಂತಲೇ ಮಿನಿಯ ವಿನ್ಯಾಸಕಾರ ಇಸಿಗೋನಿಸ್ ಅಷ್ಟು ಚಿಕ್ಕ ಚಕ್ರ ಇಟ್ಟರು. ಆ ಬಾಡಿಗೆ ನೀವು 6 ಇಂಚಿನ ರಿಮ್ ಹಾಕಿದರೆ ಎರಡೂವರೆ ಇಂಚು ಅಗಲ ಹೆಚ್ಚಾಯಿತು. ಅಂದರೆ 63 ಮಿಲಿಮೀಟರ್‌ಗಿಂತ ಜಾಸ್ತಿ. ಅದರಲ್ಲಿ ಒಳಗೆಷ್ಟು, ಹೊರಗೆಷ್ಟು ಅನ್ನುವುದು ರಿಮ್‌ನ ಆಫ್‌ಸೆಟ್ (ಹಬ್‌ಗೆ ಕೂರುವ ಮೈ ರಿಮ್ ನಡುವಿನಿಂದ ಎಷ್ಟು ಒಳಗೆ ಅಥವಾ ಹೊರಗೆ ಇದೆ ಅನ್ನುವುದು) ಮೇಲಿದೆ. ಮಿನಿಯಲ್ಲಿ ಒಳಗಡೆ ಜಾಗ ತೀರಾ ಕಡಿಮೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರ್ ಟೈ ಬಾರ್‌ಗೆ (ಸಸ್ಪೆನ್ಷನ್ನಿನ ಒಂದು ಕಂಬಿ) ತಾಗುತ್ತದೆ. ಹಾಗಾಗಿ ಈ ಅಗಲದ ರಿಮ್‌ಗಳು ಹೆಚ್ಚು ಪಾಲು ಹೊರಗಡೆಗೇ ಬರುತ್ತವೆ. ಎರಡು ಕಂಪನಿಯ ರಿಮ್ ಮೇಲೂ 6 ಇಂಚು ಅಂತಲೇ ಬರೆದಿರುತ್ತದೆ, ಆದರೆ ಕಾರಿಗೆ ಹಾಕಿದರೆ ಒಂದು ಇನ್ನೊಂದಕ್ಕಿಂತ ಹೊರಗೆ ನಿಲ್ಲುತ್ತದೆ.

ಟೈರ್‌ನ ಎತ್ತರದ ಚಿಂತೆ ಬೇಡ. ಈಗಿನ 145/80 ಟೈರ್‌ನ ವ್ಯಾಸ ಸುಮಾರು 486 ಮಿ.ಮೀ., 165/70ದು 485. ಸ್ಪೀಡೋಮೀಟರ್ ಕೂಡ ಏನೂ ವ್ಯತ್ಯಾಸ ತೋರಿಸುವುದಿಲ್ಲ. ಇದನ್ನು ಯಾಕೆ ಹೇಳಿದೆ ಅಂದರೆ, 13 ಇಂಚು ಹಾಕಿದರೆ ಚಕ್ರ ದೊಡ್ಡದಾಗುತ್ತದೆ, ಅದಕ್ಕೇ ಬಾಡಿ ಕತ್ತರಿಸಬೇಕು ಅಂತ ಜನ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ. 175/50 ಆರ್13 ಟೈರ್ 505 ಮಿ.ಮೀ. ಬರುತ್ತದೆ. 1984ರಿಂದ ಕಂಪನಿಯೇ ಕೊಟ್ಟ 145/70 ಆರ್12 ಟೈರ್ 508. ಅದಕ್ಕಿಂತ ಇದೇ ಚಿಕ್ಕದು! ಬಾಡಿಗೆ ಕತ್ತರಿ ಬೀಳುವುದು ಅಗಲದಿಂದ, ಹೊರಗೆ ಚಾಚುವುದರಿಂದ.

ಬ್ರೇಕ್ ಬಗ್ಗೆ ಒಂದು ಮಾತು. ನಿಮ್ಮ ಕಾರಿನಲ್ಲಿ ಮುಂದಿನ ಚಕ್ರಗಳಿಗೂ ಡ್ರಮ್ ಬ್ರೇಕೇ ಇರಬಹುದು. ಮುಂದೆ ಯಾವಾಗಲಾದರೂ ಡಿಸ್ಕ್ ಹಾಕಿಸುವ ಆಲೋಚನೆ ಇದ್ದರೆ ಅದನ್ನು ಫ್ಲೇರ್‌ಗಿಂತ ಮೊದಲೇ ಮಾಡಿ ಮುಗಿಸಿ. ಡಿಸ್ಕ್ ಬಂದರೆ ಮುಂದಿನ ಚಕ್ರ ಇನ್ನೂ ಸ್ವಲ್ಪ ಹೊರಗೆ ಸರಿಯುತ್ತದೆ. 10 ಇಂಚಿನ ರಿಮ್ ಒಳಗೆ ಕೂಪರ್ ಎಸ್‌ನ (ಮಿನಿಯ ವೇಗದ ಮಾದರಿ) 7.5 ಇಂಚಿನ ಡಿಸ್ಕ್ ಹಿಡಿಸುತ್ತದೆ. 1984ರ ನಂತರದ 8.4 ಇಂಚಿನದು ಹಿಡಿಸುವುದಿಲ್ಲ, ಅದಕ್ಕೆ 12 ಇಂಚಿನ ಚಕ್ರ ಬೇಕು.

ಇನ್ನು ಕಾರಿನ ಎತ್ತರ. ಮಿನಿಗೆ ಕಾಯಿಲ್ ಸ್ಪ್ರಿಂಗ್ ಇಲ್ಲ, ರಬ್ಬರ್ ಕೋನ್. ಹೊಸ ಕೋನ್ ಹಾಕಿದ ಶುರುವಿನಲ್ಲಿ ಕಾರು ಎತ್ತರಕ್ಕೆ ನಿಂತಿರುತ್ತದೆ. ಓಡಿಸುತ್ತಾ ಓಡಿಸುತ್ತಾ ಕೆಲವು ತಿಂಗಳಲ್ಲಿ ಕೆಳಗೆ ಇಳಿಯುತ್ತದೆ. ಆಮೇಲೆಯೇ ಅಳತೆ ತೆಗೆಯಿರಿ, ಆಮೇಲೆಯೇ ಡ್ರಿಲ್ ಹಿಡಿಯಿರಿ.

ಅಳತೆ ಹೀಗೆ ತೆಗೆಯಿರಿ. ಕಾರನ್ನು ಸಮ ನೆಲದ ಮೇಲೆ ನಿಲ್ಲಿಸಿ, ಚಕ್ರ ನೇರ ಇರಲಿ. ಒಂದು ದಾರಕ್ಕೆ ನಟ್ ಕಟ್ಟಿ. ಆರ್ಚ್ ಅಂಚಿನ ಮೇಲ್ತುದಿಯಲ್ಲಿ, ಚಕ್ರದ ನಡುವಿಗೆ ನೇರವಾಗಿ, ದಾರವನ್ನು ಟೇಪ್‌ನಿಂದ ಅಂಟಿಸಿ ಇಳಿಬಿಡಿ. ಟೈರ್ ಹೊರಗೆ ಚಾಚಿದ್ದರೆ ದಾರ ಟೈರ್ ಮೇಲೆ ಒರಗುತ್ತದೆ. ಆಗ ಒಂದು ಪಟ್ಟಿಯನ್ನು ಅಂಚಿನಿಂದ ಅಡ್ಡ ಹಿಡಿದು, ದಾರ ನೇರ ನಿಲ್ಲುವವರೆಗೆ ಹೊರಗೆ ಸರಿಸಿ. ಪಟ್ಟಿ ಎಷ್ಟು ಮಿ.ಮೀ. ತೋರಿಸುತ್ತದೋ ಫ್ಲೇರ್ ಅದಕ್ಕಿಂತ ಸ್ವಲ್ಪ ಜಾಸ್ತಿ ಚಾಚಿರಬೇಕು. ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಅಳೆಯಿರಿ. ಮಿನಿಯಲ್ಲಿ ಮುಂದಿನ ಎರಡು ಚಕ್ರದ ನಡುವಿನ ಅಂತರ ಹಿಂದಿನದಕ್ಕಿಂತ ಜಾಸ್ತಿ. ಎಡಕ್ಕೂ ಬಲಕ್ಕೂ ಕೂಡ ಎಷ್ಟೋ ಸಲ ಹೊಂದುವುದಿಲ್ಲ.

ಆಯ್ಕೆಗೆ ಬಂದರೆ, 6 ಇಂಚು ಅಗಲದ 10 ಇಂಚು ಚಕ್ರಕ್ಕೆ ನನ್ನ ಮತ ಗ್ರೂಪ್ 2 ಮಾದರಿಗೆ. ಹಳೇ ರೇಸ್ ಮಿನಿಗಳ ಆಕಾರ. ಸ್ಪೋರ್ಟ್ಸ್‌ಪ್ಯಾಕ್ ಫ್ಲೇರ್ 1996ರ ನಂತರದ 13 ಇಂಚಿನ ಕಾರುಗಳಿಗೆ ಮಾಡಿದ್ದು. ನಿಮ್ಮ ಚಕ್ರ ಅದರೊಳಗೆ ಕಳೆದುಹೋಗುತ್ತದೆ. 1984ರ ಕಾರುಗಳ ಕಪ್ಪು ಪ್ಲಾಸ್ಟಿಕ್ ಆರ್ಚ್ ಅಗ್ಗ, ಆದರೆ ನಿಮಗೆ ಸಾಲುವುದಿಲ್ಲ.

ಪ್ಲಾಸ್ಟಿಕ್ಕಾ ಫೈಬರ್ರಾ? ಎಬಿಎಸ್ ಪ್ಲಾಸ್ಟಿಕ್ ಬಾಗುತ್ತದೆ, ಹೀಟ್ ಗನ್ ಹಿಡಿದರೆ ಬಾಡಿಗೆ ತಕ್ಕಂತೆ ಸ್ವಲ್ಪ ತಿದ್ದಬಹುದು. ಪಾರ್ಕಿಂಗ್‌ನಲ್ಲಿ ಯಾರಾದರೂ ತಾಗಿಸಿದರೂ ಸುಲಭಕ್ಕೆ ಒಡೆಯುವುದಿಲ್ಲ. ಫೈಬರ್ ಗಡುಸು, ಆಕಾರ ಚೂಪಾಗಿ ಬರುತ್ತದೆ, ಪೇಂಟ್ ಚೆನ್ನಾಗಿ ಹಿಡಿಯುತ್ತದೆ. ಅಗ್ಗದ ಫೈಬರ್ ಮಾತ್ರ ಬೇಡ. ದಪ್ಪ ಒಂದೊಂದು ಕಡೆ ಒಂದೊಂದು ತರ ಇರುತ್ತದೆ. ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ತೆಳು ಜಾಗ ಗೊತ್ತಾಗುತ್ತದೆ. ಎಡ ಬಲ ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು ಹೋಲಿಸಿ. ಬಾಡಿ ಬಣ್ಣವನ್ನೇ ಹೊಡೆಸುವುದಾದರೆ ಒಳ್ಳೇ ಫೈಬರ್ ತಗೊಳ್ಳಿ. ಕಪ್ಪಾಗಿಯೇ ಬಿಡುವುದಾದರೆ ಎಬಿಎಸ್ ಸಾಕು.

ಉತ್ತರ, ಲೀಡ್ಸ್‌ನಿಂದ:

ಮೇಲೆ ಸರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನಾನು ತಗಡು ಮತ್ತು ತುಕ್ಕಿನ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕೆಂದರೆ ಫ್ಲೇರ್ ಮಿನಿಯನ್ನು ಹಾಳು ಮಾಡುವುದು ಅಲ್ಲೇ.

ನನ್ನ ಮಿನಿಗೆ ನಾನು ಕೊಳ್ಳುವ ಮುಂಚೆಯೇ ಯಾವುದೋ ಗ್ಯಾರೇಜಿನವರು ಫ್ಲೇರ್ ಹಾಕಿದ್ದರು. ಹೊರಗಿನಿಂದ ಮಿರಿಮಿರಿ. ಬಿಚ್ಚಿ ನೋಡಿದರೆ ಡ್ರಿಲ್ ಮಾಡಿದ ಒಂದು ತೂತಿಗೂ ಪ್ರೈಮರ್ ಇಲ್ಲ. ಪ್ರತಿ ರಿವೆಟ್ ಸುತ್ತ ತುಕ್ಕು ನಾಣ್ಯದಷ್ಟು ಹರಡಿತ್ತು. ಫ್ಲೇರ್ ಕೆಳತುದಿಯಲ್ಲಿ ಮಣ್ಣು ಮೆತ್ತಿಕೊಂಡು, ಬೇಸಿಗೆಯಲ್ಲೂ ಒದ್ದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಆ ಉಪ್ಪು ಮಣ್ಣಿನ ಜೊತೆ ಅಲ್ಲೇ ಕೂತು ತಗಡು ತಿಂದಿತ್ತು.

ಹಾಗಾಗಿ ಕ್ರಮ ಹೀಗಿರಲಿ. ಪೇಂಟ್‌ಗೆ ಮುಂಚೆಯೇ ಫ್ಲೇರ್ ಕೂರಿಸಿ ನೋಡಿ, ತೂತು ಹಾಕಿ, ಮತ್ತೆ ಬಿಚ್ಚಿ. ತೂತಿನ ಅಂಚು ಉಜ್ಜಿ ನಯ ಮಾಡಿ. ಬರಿ ತಗಡು ಕಂಡ ಕಡೆಯೆಲ್ಲಾ ಎಪಾಕ್ಸಿ ಪ್ರೈಮರ್ ಹಚ್ಚಿ. ಬಾಡಿಗೂ ಫ್ಲೇರ್‌ಗೂ ಬೇರೆ ಬೇರೆಯಾಗಿ ಬಣ್ಣ ಹೊಡೆಸಿ. ಬಣ್ಣ ಚೆನ್ನಾಗಿ ಗಟ್ಟಿಯಾದ ಮೇಲೆ ನಡುವೆ ರಬ್ಬರ್ ಬೀಡಿಂಗ್ ಇಟ್ಟು ಬಿಗಿ ಮಾಡಿ. ಬೀಡಿಂಗ್ ಇಲ್ಲದಿದ್ದರೆ ಫ್ಲೇರ್ ಅದುರಿ ಅದುರಿ ಬಣ್ಣವನ್ನು ಉಜ್ಜಿ ತೆಗೆಯುತ್ತದೆ.

ಫ್ಲೇರ್‌ನ ಮೇಲಂಚಿಗೆ ಸೀಲೆಂಟ್ ಹಾಕಿ. ಕೆಳಗಿನ ಎರಡು ತುದಿ ಮಾತ್ರ ಮುಚ್ಚಬೇಡಿ. ನೀರು ಇಳಿದುಹೋಗಲು ದಾರಿ ಇರಬೇಕು. ಒಳಗಡೆ ವ್ಯಾಕ್ಸ್ ಹೊಡೆಸಿ. ಚಳಿಗಾಲ ಮುಗಿದ ಮೇಲೆ ಕೆಳಗಿನಿಂದ ಪೈಪ್ ಹಿಡಿದು ತೊಳೆಯಿರಿ.

ಬಾಡಿ ಕತ್ತರಿಸುವ ವಿಷಯ. ಹಿಂದಿನ ಆರ್ಚ್‌ನ ಅಂಚಿನಲ್ಲಿ ಹೊರ ತಗಡು ಮತ್ತು ಒಳ ತಗಡು ಸೇರಿ ಸ್ಪಾಟ್ ವೆಲ್ಡ್ ಆಗಿವೆ. ಆ ವೆಲ್ಡ್ ದಾಟಿ ಕತ್ತರಿಸಿದರೆ ಎರಡೂ ಬಿಟ್ಟುಕೊಂಡು, ಚಕ್ರ ಎಸೆಯುವ ನೀರೆಲ್ಲಾ ಸೀದಾ ಒಳಗೆ. ಮತ್ತೆ ಎರಡನ್ನೂ ಬಗ್ಗಿಸಿ, ಸೇರಿಸಿ, ಉದ್ದಕ್ಕೂ ವೆಲ್ಡ್ ಮಾಡಬೇಕು. ಅದು ಮನೆ ಮುಂದೆ ಮಾಡುವ ಕೆಲಸ ಅಲ್ಲ. ನಿಮ್ಮ 6 ಇಂಚಿಗೆ, ಕಾರು ತೀರಾ ಕೆಳಗಿಳಿಸದಿದ್ದರೆ, ಅಷ್ಟು ದೂರ ಹೋಗುವ ಅಗತ್ಯ ಬರಬಾರದು. ಅಂಚು ತಾಗಿದರೂ ಸ್ವಲ್ಪ ಮಡಚಿದರೆ ಸಾಕು. ಮಡಚಿದ ಕಡೆ ಬಣ್ಣ ಬಿರುಕು ಬಿಡುತ್ತದೆ, ಅಲ್ಲೂ ಪ್ರೈಮರ್ ಮರೆಯಬೇಡಿ.

ಇನ್ನೊಂದು. ಮಿನಿಯ ಹೊರಮೈ ಮೇಲೆ ಮುಂದಿನ ವಿಂಗ್ ಮತ್ತು ಬಾಗಿಲ ಮುಂದಿನ ಪ್ಯಾನಲ್ ಸೇರುವ ಕಡೆ ಎದ್ದು ಕಾಣುವ ಸೀಮ್ ಇದೆಯಲ್ಲ, ಅದು ಆರ್ಚ್‌ವರೆಗೂ ಇಳಿದು ಬರುತ್ತದೆ. ಫ್ಲೇರ್‌ನಲ್ಲಿ ಅದಕ್ಕೆ ಕಚ್ಚು ಬೇಕು. ಕಚ್ಚು ಚಿಕ್ಕದಿದ್ದರೆ ಫ್ಲೇರನ್ನು ಅರದಿಂದ ಉಜ್ಜಿ. ಸೀಮ್ ಮುಟ್ಟಬೇಡಿ.

ಉತ್ತರ, ಬೆಂಗಳೂರಿನಿಂದ:

ಊರಿನಿಂದ ಓದುತ್ತಿರುವವರಿಗೆ ಒಂದು ಎಚ್ಚರಿಕೆ. ಇಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಾಯಿಸುವ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿತು. ಜೊತೆಗೆ 2021ರ ವಿಂಟೇಜ್ ನಿಯಮದಲ್ಲಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿಸಿಕೊಂಡ ಗಾಡಿಗೆ ಮಾತ್ರ ಆ ಮನ್ನಣೆ. ನಿಮ್ಮಲ್ಲಿ ಹಳೇ ಹೆರಾಲ್ಡ್ ಅಥವಾ ಫಿಯೆಟ್ ಇದ್ದು ವಿಂಟೇಜ್ ನೋಂದಣಿಯ ಆಸೆ ಇದ್ದರೆ ತಗಡಿಗೆ ಗ್ರೈಂಡರ್ ತಾಗಿಸಬೇಡಿ. ಒಂದು ಸಲ ಕತ್ತರಿಸಿದ ಮೂಲ ಪ್ಯಾನಲ್ ಈಗ ಇಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಪ್ರಶ್ನೆ ಕೇಳಿದವರಿಂದ:

ತುಂಬಾ ಉಪಕಾರ ಆಯ್ತು. ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಡಿಸ್ಕ್ ಬ್ರೇಕ್ ಮೊದಲು ಮಾಡಿಸುತ್ತೇನೆ. ಇನ್ನೆರಡು ಅನುಮಾನ. ಕೊನೆಗೆ ರಿವೆಟ್ಟೋ ಬೋಲ್ಟೋ ಅಂಟೋ? ನನ್ನ ಕಾರಿಗೆ 40 ವರ್ಷ ದಾಟಿರುವುದರಿಂದ ಎಂಒಟಿ (ಇಲ್ಲಿನ ವಾರ್ಷಿಕ ವಾಹನ ತಪಾಸಣೆ) ಇಲ್ಲ. ಹಾಗಾದರೆ ಫ್ಲೇರ್ ಇಲ್ಲದೆ ಕೆಲವು ದಿನ ಈ ಚಕ್ರದಲ್ಲಿ ಓಡಿಸಬಹುದಾ?

ಉತ್ತರ, ಬರ್ಮಿಂಗ್‌ಹ್ಯಾಮ್‌ನಿಂದ:

ಓಡಿಸಬೇಡಿ. ಎಂಒಟಿ ಇಲ್ಲ ಅಂದರೆ ತಪಾಸಣೆ ಇಲ್ಲ ಅಷ್ಟೇ, ಕಾರು ರಸ್ತೆಗೆ ಯೋಗ್ಯವಾಗಿ ಇಟ್ಟುಕೊಳ್ಳುವ ಹೊಣೆ ನಿಮ್ಮದೇ. ಚಕ್ರ ಎಸೆಯುವ ಮಣ್ಣು ನೀರು ತಡೆಯುವ ಹಾಗೆ ಮಡ್‌ಗಾರ್ಡ್ ಇರಬೇಕು ಅಂತ ಇಲ್ಲಿನ ನಿಯಮವೇ ಇದೆ. ಹಿಂದೆ ಬರುವವರ ಗಾಜಿಗೆ ಕಲ್ಲು ಬಿದ್ದರೆ ಸುಮ್ನೆ ತಲೆನೋವು. ಇನ್ಶೂರೆನ್ಸ್‌ನವರಿಗೂ ಅಗಲ ರಿಮ್ ಮತ್ತು ಫ್ಲೇರ್ ಎರಡನ್ನೂ ಮೊದಲೇ ತಿಳಿಸಿ.

ರಿವೆಟ್, ಬೋಲ್ಟ್, ಅಂಟು ಮೂರರಲ್ಲಿ ನಾನು ಬೋಲ್ಟ್ ಪಕ್ಷ. ಅಂಟಿಸಿದರೆ ನೋಡೋಕೆ ಚೆಂದ, ತೂತೂ ಇಲ್ಲ. ಆದರೆ ತುಕ್ಕು ಬಂದಿದೆಯಾ ಅಂತ ನೋಡಲು ಬಿಚ್ಚುವ ಹಾಗಿಲ್ಲ, ಎಳೆದರೆ ಬಣ್ಣವೂ ಜೊತೆಗೆ ಬರುತ್ತದೆ. ರಿವೆಟ್ ಬೇಗ ಮುಗಿಯುತ್ತದೆ, ರೇಸ್ ಕಾರಿನ ಕಳೆ ಕೊಡುತ್ತದೆ. ಆದರೆ ಒಳಗೆ ಉಳಿಯುವ ಕಬ್ಬಿಣದ ಪಿನ್ ತುಕ್ಕು ಹಿಡಿದು ಬಣ್ಣದ ಮೇಲೆ ಕಂದು ಗೆರೆ ಇಳಿಸುತ್ತದೆ. ಎಂ5 ಸ್ಟೇನ್‌ಲೆಸ್ ಬೋಲ್ಟ್, ಬಾಡಿ ಕಡೆ ರಿವ್‌ನಟ್ (ತಗಡಿನ ತೂತಿಗೆ ರಿವೆಟ್ ಹಾಗೆ ಕೂರಿಸುವ ನಟ್), ತಲೆ ಕೆಳಗೆ ನೈಲಾನ್ ವಾಷರ್. ಕೈಯಲ್ಲಿ ಅಲೆನ್ ಕೀ ಹಿಡಿದು ಬಿಗಿ ಮಾಡಿ, ಪವರ್ ಟೂಲ್ ಬೇಡ. ಫೈಬರ್ ಮೇಲೆ ಜಾಸ್ತಿ ಒತ್ತಿದರೆ ಬೋಲ್ಟ್ ಸುತ್ತ ನಕ್ಷತ್ರದ ಹಾಗೆ ಬಿರುಕು ಬಿಡುತ್ತದೆ.

ಮೊದಲ ತೂತು ಫ್ಲೇರ್‌ನ ನಡು ನೆತ್ತಿಗೆ. ಆಮೇಲೆ ಒಂದು ಮುಂದೆ, ಒಂದು ಹಿಂದೆ, ಹೀಗೆ ಎರಡೂ ಕಡೆ ಇಳಿಯುತ್ತಾ ಬನ್ನಿ. ಒಂದು ತುದಿಯಿಂದ ಶುರು ಮಾಡಿದರೆ ಇನ್ನೊಂದು ತುದಿಗೆ ಬರುವಷ್ಟರಲ್ಲಿ ಉಬ್ಬಿಕೊಳ್ಳುತ್ತದೆ. ನೆತ್ತಿ ಎಲ್ಲಿ ಬರಬೇಕು ಅನ್ನುವುದನ್ನು ಚಕ್ರದ ನಡುವಿನಿಂದ ಅಳೆಯಿರಿ, ಬಾಡಿಯ ಅಂಚು ನಂಬಬೇಡಿ. ಮುಂದಿನ ಫ್ಲೇರ್ ಕೂರಿಸಿದ ಮೇಲೆ ಬಾಗಿಲು ಪೂರ್ತಿ ತೆಗೆದು ನೋಡಿ, ಫ್ಲೇರ್‌ನ ಹಿಂದಿನ ತುದಿಗೆ ತಾಗಬಾರದು.

ಪೇಂಟ್‌ಗೆ ಕೊಡುವ ಮುಂಚೆ ಕೊನೆಯ ಪರೀಕ್ಷೆ. ಮಕ್ಕಳು ಆಡುವ ಪ್ಲೇಡೋ ಜೇಡಿಯನ್ನು ಬೆರಳು ದಪ್ಪ ಹೊಸೆದು ಆರ್ಚ್ ಒಳ ಅಂಚಿಗೆ ಉದ್ದಕ್ಕೂ ಒತ್ತಿ ಅಂಟಿಸಿ. ನಾಲ್ಕು ಜನ ದೊಡ್ಡವರನ್ನು ಕೂರಿಸಿಕೊಳ್ಳಿ. ರಸ್ತೆಗೆ ಹೋಗುವುದು ಬೇಡ, ಯಾವುದಾದರೂ ಖಾಸಗಿ ಅಂಗಳದಲ್ಲಿ ಹಂಪ್ ದಾಟಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿ. ಆಮೇಲೆ ಬಗ್ಗಿ ನೋಡಿ. ಜೇಡಿ ಮೇಲೆ ಟೈರ್ ಅಚ್ಚು ಬಿದ್ದ ಕಡೆ ಮಾತ್ರ ಅಂಚು ಮಡಚಿ, ಬೇರೆಲ್ಲೂ ಮುಟ್ಟಬೇಡಿ. ಅಚ್ಚು ಆಳವಾಗಿ ಬಿದ್ದಿದ್ದರೆ ಕತ್ತರಿಸುವ ಮೊದಲು ಫೋಟೋ ಹಾಕಿ. ಹೈ-ಲೋ ಅಡ್ಜಸ್ಟರ್ (ಸಸ್ಪೆನ್ಷನ್ ಎತ್ತರ ಹೆಚ್ಚು ಕಡಿಮೆ ಮಾಡುವ ಭಾಗ) ಹಾಕಿ ಹಿಂದಿನ ಎತ್ತರ ಸ್ವಲ್ಪ ಏರಿಸಿದರೇ ಸರಿ ಹೋಗಬಹುದು, ನೋಡಿ ಹೇಳುತ್ತೇವೆ.